ದರ್ಜಿಯ ಮನೆಯ ನಡುವೆ ಹಾದ ಗೆರೆ

ನಮ್ಮ ಬೀದಿಯ ದರ್ಜಿ ಬಟ್ಟೆಯ ಮುಂದೆ ಹುಲಿ, ಕಾಗದದ ಮುಂದೆ ಇಲಿ. ಹೋದ ಮಳೆಗಾಲ ಹೊಳೆಯ ನೀರು ಅವನ ಹೊಸ್ತಿಲು ಮುಟ್ಟಿ ಹಿಂದೆ ಸರಿದಿತ್ತು. ಈ ಸಲ ಒಳಗೇ ನುಗ್ಗಿದರೆ ನಡೆಯಲಾಗದ ತಾಯಿಯನ್ನು ಎಲ್ಲಿ ಮಲಗಿಸುವುದು? ಅದೊಂದೇ ಚಿಂತೆ ಅವನನ್ನು ಹುಳದ ಹಾಗೆ ಕೊರೆಯುತ್ತಿತ್ತು.

ನಗರಸಭೆಯ ಗೋಡೆಯ ಮೇಲೆ ನೆರೆ ನಕ್ಷೆ ಇದೆಯೆಂದು ಯಾರೋ ಹೇಳಿದರು. ಹೋಗಿ ನೋಡಿದ. ನೀರು ಬರುವ ಜಾಗಕ್ಕೆಲ್ಲ ನೀಲಿ ಬಳಿದಿದ್ದರು. ಅವನ ಮನೆ ಮಾತ್ರ ಹಾಲಿನಂತೆ ಬಿಳಿ. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ.

"ಹೋದ ವರ್ಷ ಬಾಗಿಲಿಗೆ ಬಂದಿದ್ದು ನೀರಲ್ವೇನ್ರೀ? ಹಾಲೇನು?" ಎಂದಳು ಹೆಂಡತಿ.

ದರ್ಜಿ ಮರುದಿನ ಮತ್ತೆ ಕಚೇರಿಗೆ ಓಡಿದ.

"ಅಯ್ಯೋ, ಅದು ಹಳೇದು," ಎಂದಳು ಕಚೇರಿಯ ಹೆಂಗಸು. "ಗೋಡೆಯಲ್ಲಿ ತೂತಿದೆ, ಮುಚ್ಚೋಕೆ ಅಂತ ಬಿಟ್ಟಿದ್ದೀವಿ. ಹೊಸದು ಕಂಪ್ಯೂಟರ್‌ನಲ್ಲಿದೆ. ಮನೆ ನಂಬರ್ ಹೇಳಿ."

ಹೊಸ ನಕ್ಷೆಯಲ್ಲಿ ನೀಲಿಯ ಅಂಚು ಸರಿಯಾಗಿ ಅವನ ಮನೆಯ ನಡುವೆಯೇ ಹಾದಿತ್ತು. ಮನೆಯ ಮುಂಭಾಗದ ಹೊಲಿಗೆ ಅಂಗಡಿ ನೀಲಿ, ಹಿಂದಿನ ಕೋಣೆ ಬಿಳಿ. ದರ್ಜಿಗೆ ಗೆರೆಯೆಂದರೆ ಕತ್ತರಿ ಓಡುವ ದಾರಿ. ಈಚೆಯದು ಅಂಗಿ, ಆಚೆಯದು ಚಿಂದಿ. ಮನೆಗೆ ಬಂದವನೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಆ ಗೆರೆ ಎಳೆದ. ಅಂಗಡಿಯ ಮೂಲೆಯಲ್ಲಿದ್ದ ತಾಯಿಯ ಮಂಚವನ್ನು, ತಾಯಿಯ ಸಮೇತ, ಹಿಂದಿನ ಕೋಣೆಗೆ ಸಾಗಿಸಿದ.

"ಲೋ, ಎರಡು ಮೆಟ್ಟಿಲು ಇಳಿಸಿದ್ಯಲ್ಲೋ ನನ್ನ," ಎಂದಳು ತಾಯಿ. "ನೀರೂ ಹಾಗೇ ಇಳಿದು ಬರಲ್ವಾ?"

"ನಕ್ಷೇಲಿ ಇದು ಬಿಳಿ ಕಣಮ್ಮಾ!"

"ನೀರಿಗೆ ಓದೋಕೆ ಬರುತ್ತೇನೋ?"

ದರ್ಜಿ ಕಕ್ಕಾಬಿಕ್ಕಿಯಾದ. ಮಂಚ ಮತ್ತೆ ಮುಂದಕ್ಕೆ ಬಂತು. ನೀಲಿ ನೆನಪಾಗಿ ಮತ್ತೆ ಹಿಂದಕ್ಕೆ ಹೋಯಿತು. ಹೆಂಡತಿ ಸೊಂಟ ಹಿಡಿದುಕೊಂಡು ಕೂತಳು. ಅವನು ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದ.

"ನಕ್ಷೆ ನಿಮ್ಮನೆ ಒಳಗೆ ಬಂದು ಮೆಟ್ಟಿಲು ನೋಡಿಲ್ಲಪ್ಪಾ," ಎಂದಳು ಆ ಹೆಂಗಸು. "ಗೆರೆ ಬರೀ ಅಂದಾಜು. ಅಂಚಲ್ಲಿರೋರು ಇಡೀ ಮನೆ ನೀಲಿ ಅಂತ್ಲೇ ತಿಳ್ಕೋಬೇಕು."

"ಹಾಗಿದ್ರೆ ಅರ್ಧಕ್ಕೆ ಮಾತ್ರ ಯಾಕೆ ಬಳಿದ್ರಿ?"

ಅದು ಅವಳಿಗೂ ಗೊತ್ತಿರಲಿಲ್ಲ.

ಇನ್ನು ಉಳಿದದ್ದು ಅಕ್ಕನ ಮನೆ. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಗಂಡ ಹೆಂಡತಿ ಹೊತ್ತು ಹೊರಟರು. ಮಗಳ ಮನೆಯ ಟೀವಿ ಗದ್ದಲ ನೆನೆದು ತಾಯಿ ದಾರಿಯುದ್ದಕ್ಕೂ ಗೊಣಗಿದಳು. ಅರ್ಧ ದಾರಿಯಲ್ಲಿ ಥಟ್ಟನೆ ಕೇಳಿದಳು: "ಅವಳ ಮನೆ ಯಾವ ಬಣ್ಣದಲ್ಲಿದೆಯೋ?"

ದರ್ಜಿ ಕುರ್ಚಿ ಕೆಳಗಿಟ್ಟ. ಅದನ್ನು ಅವನು ನೋಡಿಯೇ ಇರಲಿಲ್ಲ.

"ಒಳ್ಳೇ ಮಗ! ಕೆರೆಯಿಂದ ಎತ್ತಿ ಬಾವಿಗೆ ಹಾಕೋಕೆ ಹೊರಟಿದ್ದೀಯ."

ಕುರ್ಚಿ ಕಚೇರಿಯ ಕಡೆ ತಿರುಗಿತು. ಅಕ್ಕನ ಮನೆ ಗೆರೆಯಿಂದ ಬಹಳ ದೂರ, ದಿಣ್ಣೆಯ ಮೇಲೆ, ಅಪ್ಪಟ ಬಿಳಿ. ಆದರೂ ದರ್ಜಿಗೆ ನಂಬಿಕೆ ಸಾಲದು.

"ಈ ನಕ್ಷೆ ಮತ್ತೆ ಯಾವಾಗ ಬದಲಾಗುತ್ತೆ ಮೇಡಂ?"

"ಐದಾರು ವರ್ಷ ಆಗ್ಬಹುದು."

"ಅಲ್ಲೀವರೆಗೂ ನಾನಿರ್ತೀನೇನೋ?" ಎಂದಳು ತಾಯಿ. "ಎತ್ತು ಕುರ್ಚಿ."