ಎಡಗಡೆಯ ಸವಕಳಿ

ದೆವ್ವ ಕಂಡೆ, ಸತ್ತವರು ಬಂದು ಮಾತಾಡಿದರು ಎನ್ನುವುದೆಲ್ಲ ಹೊಟ್ಟೆ ತುಂಬಿದವರ ಹರಟೆ ಎಂದೇ ನಾನು ತಿಳಿದಿದ್ದೆ. ಯಾರಾದರೂ ಇಂಥ ಕಥೆ ಶುರು ಮಾಡಿದರೆ, "ನಿಮ್ಮ ದೆವ್ವಕ್ಕ ನಮ್ಮ ಅಂಗಡಿ ದಾರಿ ತೋರಸ್ರಿ, ಆಳು ಸಿಗವಲ್ರು" ಎಂದು ನಗೆಯಾಡಿ ಎದ್ದುಬಿಡುತ್ತಿದ್ದೆ. ಬೈಲಹೊಂಗಲದಲ್ಲಿ ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದವನು ನಾನು. ಒಂದು ಹಿಡಿ ಅರಳೆಯನ್ನು ಬೆರಳಲ್ಲಿ ಎಳೆದು ನೋಡಿ ಮಾಲು ಎಂಥದೆಂದು ಹೇಳಬಲ್ಲೆ. ಕೈಗೆ ಸಿಗದ್ದನ್ನು ಯಾವತ್ತೂ ನಂಬಿದವನಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಅಂಬಾಸಿಡರ್ ಕಾರಿದೆ. ಅದರ ಮುಂದಿನ ಎಡಗಡೆಯ ಸೀಟು ನನ್ನ ಹೆಂಡತಿ ಗಿರಿಜೆಯದು. ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲಿ ಕೂರುತ್ತಿದ್ದಳು. ನಾನು ಸ್ವಲ್ಪ ಜೋರು ಮಾಡಿದರೆ ಸಾಕು, ತನ್ನ ಕಡೆಗೂ ಒಂದು ಬ್ರೇಕ್ ಇದೆಯೇನೋ ಎಂಬಂತೆ ಬಲಗಾಲ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯುವಳು. "ಸಾವಕಾಶ ಹೋಗ್ರಿ. ಮನಿ ಏನ್ ಎಲ್ಲೂ ಓಡಿ ಹೋಗೂದಿಲ್ಲ." ಮೂವತ್ತು ವರ್ಷ ಇದೇ ಮಾತು, ಇದೇ ಹಿಮ್ಮಡಿ. ನನ್ನ ಕಾಲಡಿ ರಬ್ಬರ್ ಮ್ಯಾಟ್ ಇದ್ದುದರಿಂದ ಏನೂ ಆಗಿರಲಿಲ್ಲ, ಅವಳ ಕಡೆ ಮಾತ್ರ ಕಾರ್ಪೆಟ್ ಸವೆದು ತೂತೇ ಬಿದ್ದಿತ್ತು. "ನಿನ್ನ ಬ್ರೇಕಿಗೆ ಗಾಡಿ ಒಂದ್ ದಿನಾನೂ ನಿಂತಿಲ್ಲ ನೋಡು" ಎಂದು ನಾನು ಕಾಡಿಸುತ್ತಿದ್ದೆ.

ಅವಳು ತೀರಿಕೊಂಡದ್ದೂ ಅದೇ ಸೀಟಿನಲ್ಲಿ. ಅವಳ ತವರೂರು ಸಾಲಹಳ್ಳಿಯಿಂದ ಇಬ್ಬರೇ ಮರಳಿ ಬರುತ್ತಿದ್ದೆವು. ಯರಗಟ್ಟಿ ದಾಟಿದ ಮೇಲೆ ಅವಳ ಮಾತು ನಿಂತಿತು. ನಿದ್ದೆ ಹತ್ತಿರಬೇಕು ಅಂದುಕೊಂಡೆ. ಸುಳ್ಳೇಕೆ ಹೇಳಲಿ, ಇವತ್ತು ಬೈಯುವವರಿಲ್ಲ ಎಂದು ಖುಷಿಯಾಗಿ ಇನ್ನೂ ಜೋರಾಗಿ ಓಡಿಸಿದೆ. ಮನೆ ಮುಂದೆ ನಿಲ್ಲಿಸಿ, "ಬಂತ ನೋಡು ನಿನ್ನ ಮನಿ, ಓಡಿ ಹೋಗಿಲ್ಲ" ಅಂದೆ. ಅವಳು ಏಳಲಿಲ್ಲ. ಜೀವ ಹೋಗಿ ಅರ್ಧ ತಾಸಿನ ಮೇಲಾಗಿದೆ ಎಂದರು ಡಾಕ್ಟರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು ಬಂದ ಹೆಂಗಸರು. ನಾನು ಅಳಲಿಲ್ಲ. ದಿನಕರ್ಮ ಮುಗಿದ ಮೇಲೂ ಅಳಲಿಲ್ಲ. ಉಂಡರೆ ರುಚಿಯಿಲ್ಲ, ಬಿಟ್ಟರೆ ಹಸಿವಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗೆ. ಅದರ ನಡುವೆ ಒಂದೇ ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಕಾರು ನಿಲ್ಲಿಸಿರೆಂದು ಅವಳು ಒಮ್ಮೆಯಾದರೂ ಹೇಳಿದ್ದಳೇ? ನನಗೆ ಕೇಳಿಸಲಿಲ್ಲವೇ?

ವರ್ಷ ಕಳೆಯಿತು. ಆ ಕಾರು ಕಣ್ಣೆದುರು ಬೇಡ, ಕೊಟ್ಟುಬಿಡೋಣ ಅನ್ನಿಸಿತು. ಕಿತ್ತೂರಿನಲ್ಲಿ ಹೆದ್ದಾರಿ ಪಕ್ಕ ಖಾನಾವಳಿ ನಡೆಸುವ ಒಬ್ಬರಿಗೆ ಹಳೆಯ ಕಾರುಗಳ ಹುಚ್ಚು. ಒಳಗಿನ ಕಾರ್ಪೆಟ್ ಹೊಸದು ಹಾಕಿಸಿ ತಂದರೆ ತೆಗೆದುಕೊಳ್ಳುವೆ ಎಂದಿದ್ದರು. ನಮ್ಮೂರಲ್ಲೇ ಗಾಡಿಗಳ ಕುಶನ್ ಕೆಲಸ ಮಾಡುವ ದಸ್ತಗೀರನಿಗೆ ಕಾರು ಒಪ್ಪಿಸಿದೆ. ಅವನು ಸೀಟು ಬಿಚ್ಚಿ, ಎಡಬಲಕ್ಕೆ ಒಂದೇ ತುಂಡಾಗಿದ್ದ ಹಳೆಯ ಕೆಂಪು ಕಾರ್ಪೆಟ್ ಕಿತ್ತು, ಕೆಳಗಿನ ತುಕ್ಕು ಉಜ್ಜಿ ಬಣ್ಣ ಬಳಿದ. ಹಳೆಯದನ್ನೇ ಹೊಸದರ ಮೇಲೆ ಹಾಸಿ, ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದು ಅವರ ಪದ್ಧತಿ. ಮಾರನೆಯ ದಿನ ಹೋದರೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಕತ್ತರಿಸಿದ ತುಂಡು ಎಡ ಬಲಕ್ಕೆ, ಬಲ ಎಡಕ್ಕೆ ಆಗಿ ಕಾರಿನೊಳಗೆ ಕೂರುತ್ತಲೇ ಇರಲಿಲ್ಲ.

"ತಪ್ಪಾತ್ರಿ ಸಾವ್ಕಾರ್ರ. ಡ್ರೈವರ್ ಹಿಮ್ಮಡಿ ಊರೂ ಕಡೇನ ತೂತು ಬೀಳತೈತಿ. ತೂತು ನೋಡಿ ಇದಽ ಬಲಗಡೇದು ಅಂತ ತಿಳಕೊಂಡು, ಹಳೇದನ್ನ ಮಗಚಿ ಹಾಕಿ ಕತ್ತರಿಸಿಬಿಟ್ಟೆ. ಈ ಗಾಡಿಗೆ ಬ್ರೇಕ್ ಎಡಕ್ಕಿತ್ತೇನ್ರಿ?"

"ಇತ್ತು" ಅಂದೆ.

ಅವನು ಮತ್ತೆ ಹೊಸ ತುಂಡು ಕತ್ತರಿಸಿ, ಅಂಟಿನ ಸೊಲ್ಯೂಷನ್ ಬಳಿದು, ಮಧ್ಯಾಹ್ನದೊಳಗೆ ಕೂರಿಸಿ ಮುಗಿಸಿದ. ಬೂದು ಬಣ್ಣದ ಕಾರ್ಪೆಟ್. ಎಡಗಡೆ ನಾನೇ ಬಗ್ಗಿ ಕೈಯಾಡಿಸಿ ನೋಡಿದೆ. ಎಳೆಗಳೆಲ್ಲ ದಟ್ಟವಾಗಿ ನೆಟ್ಟಗೆ ನಿಂತಿದ್ದವು. ಗಿರಿಜೆಯ ಗುರುತು ಅಲ್ಲಿ ಏನೂ ಉಳಿದಿರಲಿಲ್ಲ. ಅದಕ್ಕೂ ನನಗೆ ಏನೂ ಅನ್ನಿಸಲಿಲ್ಲ.

ನಾಲ್ಕು ಗಂಟೆಯ ಬಿಸಿಲಲ್ಲಿ ಒಬ್ಬನೇ ಕಿತ್ತೂರಿಗೆ ಹೊರಟೆ. ಬೇಡ ಎನ್ನುವವರಿಲ್ಲದೆ ಆ ವರ್ಷವೆಲ್ಲ ಜೋರಾಗಿಯೇ ಓಡಿಸುತ್ತಿದ್ದೆ. ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ಹಿಂದೆ ಹಾಕಲೆಂದು ಬಲಕ್ಕೆ ಹೊರಳಿಸಿದರೆ ಎದುರಿಗೇ ಬಸ್ಸು. ನನಗೆ ಹೆದರಿಕೆಯಾಗಲಿಲ್ಲ. ಬಂದರೆ ಬರಲಿ ಅನ್ನಿಸಿದ್ದು ನಿಜ. ಕಾಲು ಎಕ್ಸಿಲರೇಟರ್ ಮೇಲೇ ಇತ್ತು. ಅಷ್ಟರಲ್ಲಿ ಕಾರು ಜಗ್ಗಿ ಹಿಡಿದ ಹಾಗೆ ಒಮ್ಮೆಲೇ ನಿಧಾನವಾಯಿತು. ಟ್ರ್ಯಾಕ್ಟರ್ ಮುಂದೆ ಹೋಯಿತು, ನಾನು ಅದರ ಹಿಂದಕ್ಕೆ ಸರಿದೆ, ಬಸ್ಸು ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಬ್ರೇಕ್ ಒತ್ತಿದ ನೆನಪು ನನಗಿಲ್ಲ. ಒತ್ತಿರಲೇಬೇಕು, ಕಾರು ತಾನಾಗಿ ನಿಲ್ಲುವುದುಂಟೇ ಎಂದುಕೊಂಡು ಮುಂದೆ ಸಾಗಿದೆ.

ಕಿತ್ತೂರಿನಲ್ಲಿ ಖಾನಾವಳಿಯವರು ಕಾರಿಗೆ ಒಂದು ಸುತ್ತು ಬಂದು, ಮೆಚ್ಚಿ, ಎಡಗಡೆಯ ಬಾಗಿಲು ತೆಗೆದರು.

"ಹೊಸಾದು ಹಾಕಸೇನಿ ಅಂದಿದ್ರಿ. ಇಲ್ಲಿ ಸವದು ಹೋಗೇತಲ್ರಿ?"

ಬಗ್ಗಿ ನೋಡಿದೆ. ಹಿಮ್ಮಡಿಯಷ್ಟಗಲ ಜಾಗದಲ್ಲಿ ಎಳೆಗಳೇ ಇರಲಿಲ್ಲ, ಅಡಿಯ ನೇಯ್ಗೆ ಕಾಣುತ್ತಿತ್ತು. ಬೆರಳಿಂದ ಮುಟ್ಟಿದೆ. ಕತ್ತರಿಸಿದ್ದಲ್ಲ, ಸುಟ್ಟದ್ದಲ್ಲ, ಸೊಲ್ಯೂಷನ್ ತಿಂದದ್ದೂ ಅಲ್ಲ. ಅಂಚಿನ ಎಳೆಗಳು ಉಜ್ಜಿ ಉಜ್ಜಿ ಗಿಡ್ಡವಾಗಿ, ನುಣುಪಾಗಿದ್ದವು. ವರ್ಷಗಟ್ಟಲೆ ತುಳಿಸಿಕೊಂಡ ಬಟ್ಟೆ ಹೇಗಿರುತ್ತದೆಂದು ನನ್ನ ಕೈಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿಂದ ಕೈ ತೆಗೆಯಲು ಮನಸ್ಸೇ ಬರಲಿಲ್ಲ. ಅವಳು ಹೋದ ಮೇಲೆ ನನ್ನೊಳಗೆ ಏನಾದರೂ ಅಲುಗಿದ್ದು ಅದೇ ಮೊದಲು. "ಕಾರ್ ಕೊಡೂದಿಲ್ರಿ, ಬೇಜಾರಾಗಬ್ಯಾಡ್ರಿ" ಎಂದು ಹೇಳಿ ಬಂದ ದಾರಿಯಲ್ಲೇ ತಿರುಗಿದೆ.

ನೇರ ಹೋಗಿ ತೋರಿಸಿದರೆ ದಸ್ತಗೀರ ಬಗ್ಗಿ ಬೆರಳಾಡಿಸಿ ನೋಡಿದ. "ಮಧ್ಯಾಹ್ನ ನಾನಽ ಕುಂತು ಬ್ರಶ್ ಹೊಡದೇನ್ರಿ. ಹಿಂಗ ಸವೀಬೇಕಂದ್ರ ವರ್ಷಾನುಗಟ್ಟಲೆ ಬೇಕು" ಎಂದ. ಅದೇ ಸುರುಳಿಯಲ್ಲಿ ಉಳಿದ ತುಂಡು ತಂದು ಉಗುರಿನಿಂದ ಕೆರೆದ, ಕಲ್ಲಿಗೆ ತಿಕ್ಕಿದ. ಒಂದು ಎಳೆಯೂ ಬರಲಿಲ್ಲ. "ಇದರ ಮ್ಯಾಲೆ ಒಂದು ತುಂಡು ತ್ಯಾಪಿ ಹಚ್ಚಿ ಕೊಡ್ಲ್ಯಾ ಸಾವ್ಕಾರ್ರ?"

"ಬ್ಯಾಡಪಾ. ಇರಲಿ ಬಿಡು."

ಕಾರು ಮನೆಯಲ್ಲೇ ಇದೆ. ಈಗ ಸಾವಕಾಶ ಓಡಿಸುತ್ತೇನೆ. ಸವಕಳಿ ಅವತ್ತು ಎಷ್ಟಿತ್ತೋ ಅಷ್ಟೇ ಇದೆ, ಬೆಳೆದಿಲ್ಲ. ಮಾಲಿನಲ್ಲೇ ದೋಷವಿತ್ತು, ನಾನು ಸರಿಯಾಗಿ ನೋಡಿರಲಿಲ್ಲ, ದುಃಖದಲ್ಲಿ ಬುದ್ಧಿ ಮಂಕಾಗಿತ್ತು ಎಂದೆಲ್ಲ ತಿಳಿದವರು ಹೇಳಿದರು. ಆದರೆ ಆ ಜಾಗಕ್ಕೆ ಕೈಯಿಟ್ಟಾಗಲೆಲ್ಲ ಯಾವ ಕಾರಣವೂ ಒಪ್ಪಿಗೆಯಾಗುವುದಿಲ್ಲ.

ವರ್ಷವೆಲ್ಲ ನಾನು ನೆನಪಿನಲ್ಲಿ ಅವಳ ದನಿಯನ್ನಷ್ಟೇ ಹುಡುಕಿದ್ದೆ. ದನಿ ಹೊರಡದಿದ್ದರೆ ಕಾಲಿನಿಂದಲಾದರೂ ಹೇಳಿರಬಹುದು ಎಂದು ಹೊಳೆದಿರಲೇ ಇಲ್ಲ. ಅವತ್ತು ಯರಗಟ್ಟಿ ದಾಟಿದ ಮೇಲೆ ಆ ಹಿಮ್ಮಡಿ ಎಷ್ಟು ಸಲ ನೆಲಕ್ಕೆ ಒತ್ತಿತೋ ನನಗೆ ಗೊತ್ತಿಲ್ಲ. ನಾನು ಒಮ್ಮೆಯೂ ಆ ಕಡೆ ನೋಡಲಿಲ್ಲ.