ತಗೀಲೇನವ್ವಾ?

ಚಹಾ ಕುಡಿಯುವಾಗಲೂ ನನ್ನ ಫೋಟೊಗ್ರಾಫರ್ ಗೆಳೆಯರ ಎಡಗಣ್ಣು ಅರ್ಧ ಮುಚ್ಚಿರುತ್ತಿತ್ತು. ನಲವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ ನೋಡಿದ ಅಭ್ಯಾಸ. ಜಹೀರಾಬಾದ್ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಅವರ ಫೋಟೊ ಸ್ಟುಡಿಯೊ. ನಾನು ಮುಖ್ಯೋಪಾಧ್ಯಾಯನಾಗಿದ್ದಷ್ಟು ವರ್ಷವೂ ನಮ್ಮ ಶಾಲೆಯ ಗುಂಪುಚಿತ್ರ ತೆಗೆದವರು ಅವರೇ. ಹತ್ತಕ್ಕೆ ಎಂದರೆ ಹತ್ತು ನಿಮಿಷ ಮೊದಲೇ ಬರುತ್ತಿದ್ದರು; ನನಗೆ ಅವರು ಹಿಡಿಸಿದ್ದು ಅದಕ್ಕೇ. ಮಕ್ಕಳೆದುರೇ ನನ್ನನ್ನು ಕೆಣಕುತ್ತಿದ್ದರು: “ಮಾಸ್ತರ್, ಜರಾ ನಗ್ರಿ. ಹಾಜ್ರಿ ತಗೋಳಾಕ ನಿಂತಂಗ ನಿಂತೀರಲ್ಲ!”

ಸಾವಿನ ಮನೆಗಳಿಗೂ ಅವರನ್ನೇ ಕರೆಯುತ್ತಿದ್ದರು. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಕೊನೆಯದೊಂದು ಫೋಟೊ ತೆಗೆಸುವುದುಂಟು. ಅವರು ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಸತ್ತವರ ಹೆಂಡತಿಯನ್ನೋ ತಾಯಿಯನ್ನೋ ಹುಡುಕಿ, ಆಕೆಯ ಎದುರು ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು: “ತಗೀಲೇನವ್ವಾ?” ಆಕೆ ತಲೆಯಾಡಿಸುವ ತನಕ ಕಾಯುತ್ತಿದ್ದರು. ಒಂದೇ ಫೋಟೊ. ಆಮೇಲೆ ನೆಗೆಟಿವ್ ಕೂಡ ಮನೆಯವರ ಕೈಗೆ. ನನ್ನ ತಂದೆಯದು ಹಾಗೆ ತೆಗೆದದ್ದು ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ.

ಈ ಗೆಳೆಯರ ಹೆಂಡತಿ ಒಂದು ಸಂಜೆ ನಾರಾಯಣಖೇಡ್ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕು ತೀರಿಕೊಂಡರು. ರಸ್ತೆಯ ಮೇಲೆ ಬಿದ್ದಿದ್ದ ಆಕೆಯ ಫೋಟೊ ಯಾರೋ ತೆಗೆದು ಹರಡಿದ್ದರು. ಮರುದಿನ ಬೆಳಿಗ್ಗೆ ನನ್ನ ಫೋನಿಗೂ ಬಂತು. ನಾನು ದಿನಾ ಏಳು ಗಂಟೆಗೆ ನಿವೃತ್ತ ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕುವವನು. ಅದರಂತೆ “ಲಿಂಗೈಕ್ಯರಾದರು” ಎಂದು ಬರೆದು, ಫೋಟೊವನ್ನೂ ಹಾಕಿದೆ. ಸುದ್ದಿ ತಿಳಿಸುವುದು ಕರ್ತವ್ಯವೆಂದೇ ತಿಳಿದಿದ್ದೆ.

ಒಂದು ತಾಸಿನೊಳಗೆ ಅವರು ನನ್ನ ಬಾಗಿಲಲ್ಲಿದ್ದರು.

“ಮಾಸ್ತರ್, ಮಗಳು ತಾಂಡೂರ್ ಹಾಸ್ಟೆಲ್‌ದಾಗ ಅದಾಳ. ನನ್ನ ತಮ್ಮ ಕರಕೊಂಡು ಬರಾಕ ಹೋಗ್ಯಾನ. ಅವ್ವ ಹೋದ್ಲು ಅಂತ ಆಕಿಗಿ ಗೊತ್ತದ. ಹೆಂಗ ಬಿದ್ದಿದ್ಲು ಅಂತ ನೋಡಬಾರ್ದು. ಅಳಿಸ್ರಿ.”

ನನಗೆ ಗಲಿಬಿಲಿಯಾಯಿತು. ಗೋಡೆಯ ಕಡೆ ಕೈ ಮಾಡಿ ವಾದಕ್ಕೇ ಇಳಿದೆ: “ನಮ್ಮಪ್ಪನ ಫೋಟೊ ಬಂದವ್ರೆಲ್ಲ ನೋಡ್ತಾರಲ್ರಿ?”

“ಅದಕ್ಕ ನಿಮ್ಮವ್ವ ಹೂಂ ಅಂದಿದ್ರು. ಇದಕ್ಕ ಯಾರ್ ಹೂಂ ಅಂದಾರ್ರಿ?”

ಗುಂಪಿನಿಂದ ಅಳಿಸಿದೆ. ಆದರೆ ಅಷ್ಟರಲ್ಲಿ ಮುಂದೆ ಕಳಿಸಿದವರಿದ್ದರು. ಹಾಳೆಯ ಮೇಲೆ ಗೆರೆ ಎಳೆದು ಗುಂಪಿನ ಎಲ್ಲರ ಹೆಸರು ಬರೆದೆ. ಅವರು ಪಕ್ಕದಲ್ಲಿ ಕೂತಿದ್ದಂತೆಯೇ ಒಬ್ಬೊಬ್ಬರಿಗೆ ಫೋನ್ ಮಾಡಿ, ಅಳಿಸಿದೆವೆಂದವರ ಹೆಸರಿಗೆ ಗುರುತು ಹಾಕುತ್ತ ಹೋದೆ.

ಕಲ್ಹೇರಿನ ಶಿಕ್ಷಕರೊಬ್ಬರು ನಕ್ಕರು: “ಊರ ಮಂದಿ ಎಲ್ಲಾ ನೋಡ್ಯಾರ, ಈಗೇನ್ ಅಳಸ್ತೀರಿ, ಹೆಡ್‌ಮಾಸ್ತರ್?”

ಪಕ್ಕದಲ್ಲಿ ಕೇಳುತ್ತಿದ್ದ ಗೆಳೆಯರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. “ನಾ ಆಕಿ ಗಂಡ ಮಾತಾಡಾಕತ್ತೀನ್ರಿ. ಅಳಿಸ್ರಿ.”

ಆ ಶಿಕ್ಷಕರು ಅಳಿಸಿದರು. ತಾವು ಅದನ್ನು ಕಳಿಸಿದ್ದ ಇಬ್ಬರ ನಂಬರನ್ನೂ ಕೊಟ್ಟರು; ಅದೇ ಹಾಳೆಯಲ್ಲಿ ಬರೆದುಕೊಂಡೆ. ಆ ಇಬ್ಬರೂ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಮಗಳು ಬಂದಳೆಂದು ಅವರಿಗೆ ಮನೆಯಿಂದ ಕರೆ ಬಂತು.

ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಎಂದಿನಂತೆ ಚಹಾಕ್ಕೆ ಕರೆದರು. ನನ್ನನ್ನು ಕ್ಷಮಿಸಿದ್ದರೋ, ಬರೇ ದಣಿದಿದ್ದರೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಹೋದ ವರ್ಷ ಅವರೂ ಹೋದರು. ಅವರನ್ನು ಕೂಡಿಸಿ ಹಾರ ಹಾಕುತ್ತಿದ್ದಂತೆ ನಾಲ್ಕೈದು ಫೋನುಗಳು ಮೇಲೆದ್ದವು. “ಫೋನ್ ಒಳಗ ಇಡ್ರಿ!” ಎಂದೆ. ಶಾಲೆಯ ದನಿ ಇನ್ನೂ ಉಳಿದಿತ್ತು, ಎಲ್ಲರೂ ಇಟ್ಟರು.

ಮಗಳು ನನ್ನತ್ತ ನೋಡಿದಳು. “ಸರ್, ನೀವೇ ತಗೀರಿ. ಒಂದೇ.”

ಮೊಣಕಾಲು ಹಿಡಿದುಕೊಂಡರೂ ಕುಕ್ಕರಗಾಲಲ್ಲಿ ಕೂತೆ. “ತಗೀಲೇನವ್ವಾ?” ಆಕೆ ತಲೆಯಾಡಿಸಿದಳು.

ತೆಗೆದೆ. ಆಕೆ ನನ್ನ ಫೋನ್ ಇಸಿದುಕೊಂಡು, ಫೋಟೊವನ್ನು ತನಗೆ ಕಳಿಸಿಕೊಂಡು, ನನ್ನದರಲ್ಲಿ ಅಳಿಸಿ ವಾಪಸು ಕೊಟ್ಟಳು.

“ಅವ್ವಂದೂ ಅಳಿಸೀರಿ ಹೌದಲ್ರಿ?”

ಅಂದರೆ ಆಕೆಗೆ ಗೊತ್ತಿತ್ತು. ನೋಡಿದ್ದಳೋ, ಬರೇ ಕೇಳಿದ್ದಳೋ?

“ನನ್ನ ಫೋನಿಂದು ಅಳಿಸೀನವ್ವಾ,” ಎಂದೆ. ಫೋನ್ ಎತ್ತದ ಆ ಇಬ್ಬರ ವಿಷಯ ಹೇಳಲು ಬಾಯಿ ತೆರೆದೆ.

“ಆತು ಬಿಡ್ರಿ,” ಎಂದು ಆಕೆ ಅಪ್ಪನ ಕೊರಳಿನ ಹಾರ ಸರಿ ಮಾಡತೊಡಗಿದಳು.

ಆ ಹಾಳೆ ನನ್ನ ಹತ್ತಿರವೇ ಇದೆ. ಪ್ರತಿ ತಿಂಗಳ ಮೊದಲ ದಿನ, ಏಳು ಗಂಟೆಗೆ, ಆ ಎರಡು ನಂಬರಿಗೆ ಫೋನ್ ಮಾಡುತ್ತೇನೆ. ಒಂದು ಈಗ ಬಂದ್ ಆಗಿದೆ. ಇನ್ನೊಂದು ರಿಂಗಾಗುತ್ತದೆ.