ಎಂಜಿನ್ನಿನ ಬಾಯಿಗೆ ವೀಳ್ಯದೆಲೆ

ನನಗೆ ಅಳು ಬರುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಕೆಲವರಿಗೆ ಶಿಳ್ಳೆ ಹಾಕಲು ಬರುವುದಿಲ್ಲ, ಹಾಗೆ. ಹೋದ ಚಳಿಗಾಲದಲ್ಲಿ ಮಗಳು ಕಸ್ತೂರಿ ಕಾಮಾಲೆಯಿಂದ ತೀರಿಕೊಂಡಾಗ ಹೂವಿನ ಹಿಪ್ಪರಗಿಯ ಹೆಂಗಸರು ಸುತ್ತ ಕುಳಿತು, ಅಳಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ ಎಂದು ಹೆದರಿಸಿದರು. ನಾನೇ ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಿದೆ.

ಕಸ್ತೂರಿ ಹಳೆಯ ಪೆಟ್ರೋಲ್ ವ್ಯಾನ್ ಓಡಿಸುತ್ತಿದ್ದಳು. ಸಿಂದಗಿ, ಬಾಗೇವಾಡಿ ಕಡೆಯ ಸಾಲಿಗಳಿಗೆ ಟೀಚರಮ್ಮಂದಿರನ್ನು ಮುಟ್ಟಿಸುವುದು ಅವಳ ಕೆಲಸ. ಅವಳು ಹೋದ ಮೇಲೆ ಅದು ಬೇವಿನ ಗಿಡದ ಕೆಳಗೆ ನಿಂತಿತು. ಆಗೀಗ ಚಾಲೂ ಮಾಡಿದರೆ ಎಣ್ಣೆ ಕಾರುತ್ತಿತ್ತು. ಅಳಿಯ ಬಸಣ್ಣ ಅದಕ್ಕೆ ಬೆನ್ನು ಮಾಡಿಯೇ ಊಟಕ್ಕೆ ಕೂಡುತ್ತಿದ್ದ. ಒಂದು ದಿನ, “ಎಂಜಿನ್ ಹೋಗೇತಿ ಅತ್ತಿ, ಗುಜರಿಗೆ ಹಾಕೂಣು” ಎಂದ. ಗುಜರಿಯವನಿಗೆ ಮರುದಿನ ಬಾ ಎಂದು ಹೇಳಿಯೂ ಆಗಿತ್ತು. ಹೋಗಿದ್ದು ಎಂಜಿನ್ನೋ ನಿನ್ನ ಜೀವವೋ ನೋಡಿಸೋಣ ತಡೆ ಎಂದು ನಾನು ಮೆಕ್ಯಾನಿಕ್ ರಜಾಕನನ್ನು ಕರೆಸಿದೆ.

ರಜಾಕ ಗಾಡಿ ಚಾಲೂ ಮಾಡಿ, ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಒಂದು ಕಾಗದ ಕೇಳಿದ. ಹುಡುಕುವ ತಾಳ್ಮೆ ನನಗೆಲ್ಲಿಯದು? ಸಂಚಿಯಿಂದ ವೀಳ್ಯದೆಲೆ ಕೊಟ್ಟೆ. ಅವನು ಅದನ್ನು ಎಂಜಿನ್ನಿನ ಬಾಯಿಗೆ ಹಚ್ಚಿದ್ದೇ ತಡ, ಪಟಪಟನೆ ನಡುಗಿ ನನ್ನ ಕಾಲ ಮೇಲೆ ಹಾರಿಬಿತ್ತು. ಬಸಣ್ಣ, “ನೋಡ್ರಿ ಮತ್ತ” ಎಂದವನೇ ಒಳಗೆ ಹೋದ.

ರಜಾಕ ಏಳಲಿಲ್ಲ. “ಎಂಜಿನ್ ಹೋಗಿದ್ರೂ ಹಿಂಗ ಒದೀತೈತ್ರಿ ಅಮ್ಮಾ, ಉಸಿರಿನ ಪೈಪ್ ಕಟ್ಟಿದ್ರೂ ಹಿಂಗ ಒದೀತೈತಿ. ಒಳಗಿನ ಹೊಗಿ ಹೊಳ್ಳಿ ಒಳಗ ಹೋಗಿ ಉರೀಬೇಕು. ದಾರಿ ಇಲ್ಲಂದ್ರ ಸಂದಿ ಸಿಕ್ಕಲ್ಲಿ ಎಣ್ಣಿ ಕಕ್ಕತೈತಿ.”

ನಾನು ಕಲಿತದ್ದು ನಾಲ್ಕನೇ ಇಯತ್ತೆ, ಆದರೂ ಇದು ತಲೆಗೆ ಹೋಯಿತು. ಅಷ್ಟು ದಿನವೂ ಕಸ್ತೂರಿಯ ಬಗ್ಗೆ ತುಟಿ ಬಿಚ್ಚದ ಬಸಣ್ಣ ಹಿತ್ತಲಿನ ಎಮ್ಮೆಯನ್ನು ಮಾತ್ರ ಯಾಕೆ ಆ ಪರಿ ಬಯ್ಯುತ್ತಿದ್ದ ಎಂಬುದು ಆಗ ತಿಳಿಯಿತು. ಪಾಪ, ಎಮ್ಮೆಯ ತಪ್ಪೇನೂ ಇರಲಿಲ್ಲ. ನನ್ನದು ಎಲ್ಲಿ ಸೋರುತ್ತಿತ್ತೋ, ಎಮ್ಮೆಗೇ ಗೊತ್ತು.

ರಜಾಕ ಪೈಪು ಕಿತ್ತ. ಒಳಗೆ ಡಾಂಬರಿನಂಥ ಜಿಡ್ಡು. ಅದರ ತುದಿಯ ಪುಟ್ಟ ವಾಲ್ವನ್ನು ನನ್ನ ಕಿವಿಯ ಬಳಿ ಅಲುಗಾಡಿಸಿದ, ಸದ್ದಿಲ್ಲ. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಅಲುಗಾಡಿಸಿದಾಗ ಕಾಲ್ಗೆಜ್ಜೆಯ ಕಾಳಿನಂತೆ ಕಿಣಿಕಿಣಿ ಎಂದಿತು. ಎಲ್ಲ ಜೋಡಿಸಿ, ಗಾಡಿ ಚಾಲೂ ಮಾಡಿ ಇನ್ನೊಂದು ಎಲೆ ಇಟ್ಟ. ಈ ಸಲ ಅದು ಹಾರಲಿಲ್ಲ. ನಡುವೆ ತಗ್ಗಾಗಿ ಕಚ್ಚಿಕೊಂಡು ಕುಳಿತಿತು.

ನನಗೆ ಎಲೆಯ ಮೇಲೆ ನಂಬಿಕೆ ಸಾಲಲಿಲ್ಲ. ಅದನ್ನು ಕಿತ್ತು ಅಂಗೈ ಇಟ್ಟೆ. ಮೆಲ್ಲಗೆ ಎಳೆಯಿತು. ಕಸ್ತೂರಿ ಹಸುಗೂಸಾಗಿದ್ದಾಗ ಬಾಯಿಯ ಹತ್ತಿರ ಕೈ ಒಯ್ದರೆ ಮೊಲೆಯೆಂದು ತಿಳಿದು ಹೀಗೆಯೇ ಎಳೆಯುತ್ತಿದ್ದಳು.

“ಸಾಕ್ರಿ ಅಮ್ಮಾ, ಕೈ ಸುಡತೈತಿ” ಎಂದ ರಜಾಕ. ನಾನು ತೆಗೆಯಲಿಲ್ಲ. ಬಸಣ್ಣ ಯಾವಾಗ ಹೊರಗೆ ಬಂದನೋ, ನನ್ನ ಮುಖ ನೋಡಿದ, ಗಾಡಿ ನೋಡಿದ, ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಗುಜರಿಯವನಿಗೆ ಫೋನು ಮಾಡಿ ಬರಬೇಡ ಎಂದ. ನಾನು ಕೈ ಒರೆಸಿಕೊಳ್ಳುವ ಮೊದಲು ಕಣ್ಣು ಒರೆಸಿಕೊಂಡೆ. ಎಣ್ಣೆ ಕಣ್ಣಿಗೆ ಹತ್ತಿ ಸಂಜೆಯವರೆಗೂ ಉರಿಯಿತು.

ಈಗಲೂ ಓಣಿಯ ಹೆಂಗಸರು ಹೇಗಿದ್ದೀಯೆಂದು ಕೇಳುತ್ತಾರೆ. ಪೈಪು ಸ್ವಚ್ಛ ಐತಿ ಎನ್ನುತ್ತೇನೆ. ಅವರು ನಳದ ಮಾತೆಂದು ತಿಳಿದು, ಹಂಗಾದರೆ ನೀರು ಬಂತೇನು ಎನ್ನುತ್ತಾರೆ.

ಬಂತು ಎನ್ನುತ್ತೇನೆ.